ಸಾಕು ಗೌಜಲ ಹಕ್ಕಿಗಳ ಗುಂಪು ನಿರ್ವಹಣೆ

ಸಾಕು ಗೌಜಲ ಹಕ್ಕಿಗಳ ಗುಂಪು ನಿರ್ವಹಣೆ ಎಂಬುದು ಮೊಟ್ಟೆ ಹಾಗೂ ಮಾಂಸಕ್ಕಾಗಿ ಸಾಕುವ ಜಪಾನಿ ಗೌಜಲ ಹಕ್ಕಿಗಳನ್ನು ಗುಂಪುಗಳಲ್ಲಿ ಇರಿಸುವ, ಪ್ರತ್ಯೇಕವಾಗಿ ಬೆಳೆದ ಗುಂಪುಗಳನ್ನು ಒಂದುಗೂಡಿಸುವ ಮತ್ತು ಕೋಳಿಗಳೂ ಇರುವ ಜಾಗದಲ್ಲಿ ಅವುಗಳನ್ನು ಸುರಕ್ಷಿತವಾಗಿ ಸಾಕುವ ಕ್ರಮಗಳನ್ನು ಒಳಗೊಂಡ ವಿಷಯವಾಗಿದೆ. ಅಪರಿಚಿತ ಗೌಜಲ ಹಕ್ಕಿಗಳನ್ನು ಒಮ್ಮೆಲೇ ಸೇರಿಸಿದರೆ ಅವು ಪರಸ್ಪರ ಕುಕ್ಕಿ ಗಾಯಗೊಳಿಸುತ್ತವೆ. ಕೆಲವೊಮ್ಮೆ ಕೊಲ್ಲುವುದೂ ಉಂಟು. ಇದು ವರ್ತನೆಗೆ ಸಂಬಂಧಿಸಿದ ತೊಂದರೆಯಾಗಿದ್ದು, ಸಾಕಷ್ಟು ಸಮಯ ಮತ್ತು ಸ್ಥಳಾವಕಾಶ ಒದಗಿಸಿದರೆ ಬಹುಪಾಲು ಪರಿಹಾರವಾಗುತ್ತದೆ. ಕೋಳಿಗಳ ಜೊತೆಗಿನ ಸಾಕಾಣಿಕೆಯಲ್ಲಿ ಮುಖ್ಯ ತೊಂದರೆ ಜಗಳವಲ್ಲ, ರೋಗ. ಎರಡು ಜಾತಿಗಳು ಒಂದಕ್ಕೊಂದು ಹೊಂದಿಕೊಂಡಂತೆ ಕಂಡರೂ ಈ ಅಪಾಯ ಕಡಿಮೆಯಾಗುವುದಿಲ್ಲ. ಆದ್ದರಿಂದ ಗೌಜಲ ಹಕ್ಕಿಗಳ ಗುಂಪುಗಳನ್ನು ನಿಧಾನವಾಗಿ ಸೇರಿಸಬಹುದಾದರೂ, ಕೋಳಿ ಮತ್ತು ಗೌಜಲ ಹಕ್ಕಿಗಳನ್ನು ಒಂದೇ ಗೂಡಿನಲ್ಲಿ ಸಾಕುವುದು ಸೂಕ್ತವಲ್ಲ.

## ಹೆಸರು ಮತ್ತು ವರ್ಗೀಕರಣ

ಸಾಕು ಗೌಜಲ ಹಕ್ಕಿಯ ವೈಜ್ಞಾನಿಕ ಹೆಸರು ಕೋಟರ್ನಿಕ್ಸ್ ಜಪೋನಿಕಾ. ಇದು ಕೋಳಿ, ನವಿಲು ಮತ್ತು ಕಾಡುಕೋಳಿಗಳು ಸೇರಿರುವ ಫೇಸಿಯಾನಿಡೇ ಕುಟುಂಬಕ್ಕೆ ಸೇರಿದೆ. ಕನ್ನಡದಲ್ಲಿ ಈ ಬಗೆಯ ಸಣ್ಣ ನೆಲಹಕ್ಕಿಗಳಿಗೆ ಲಾವುಗೆ, ಬುರ್ಲಿ ಮುಂತಾದ ಹೆಸರುಗಳಿವೆ. ಗೌಜಲ ಹಕ್ಕಿ ಎಂಬ ಹೆಸರನ್ನು ಹೊಲಗದ್ದೆಗಳ ಬದುಗಳಲ್ಲಿ ಕಾಣುವ, ಗಾತ್ರದಲ್ಲಿ ದೊಡ್ಡದಾದ ಬೇರೊಂದು ಕಾಡುಹಕ್ಕಿಗೂ ಬಳಸಲಾಗುತ್ತದೆ. ಆದರೆ ಸಾಕಾಣಿಕೆಯ ಕ್ಷೇತ್ರದಲ್ಲಿ ಗೌಜಲ ಹಕ್ಕಿ ಎಂದರೆ ಜಪಾನಿ ತಳಿ ಎಂದೇ ಅರ್ಥ. ಈ ಲೇಖನದಲ್ಲಿಯೂ ಅದೇ ಅರ್ಥದಲ್ಲಿ ಈ ಹೆಸರನ್ನು ಬಳಸಲಾಗಿದೆ.

## ಸಾಕಾಣಿಕೆಯ ಇತಿಹಾಸ

ಜಪಾನಿನಲ್ಲಿ ಈ ಹಕ್ಕಿಯನ್ನು ಮೊದಲು ಅದರ ಕೂಗಿಗಾಗಿ ಪಂಜರಗಳಲ್ಲಿ ಸಾಕಲಾಗುತ್ತಿತ್ತು. ಎಡೋ ಕಾಲದಲ್ಲಿ ಇಂಪಾಗಿ ಕೂಗುವ ಗಂಡು ಹಕ್ಕಿಗಳ ಸ್ಪರ್ಧೆಗಳು ಜನಪ್ರಿಯವಾಗಿದ್ದವು. 20ನೆಯ ಶತಮಾನದ ಆರಂಭದಲ್ಲಿ ಮೊಟ್ಟೆಗಾಗಿ ಆಯ್ಕೆ ಮಾಡಿದ ತಳಿಗಳು ಬೆಳೆದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೆಚ್ಚಿನ ತಳಿಗಳು ನಾಶವಾದವು. ಉಳಿದ ಅಲ್ಪ ಸಂಖ್ಯೆಯ ಹಕ್ಕಿಗಳಿಂದ ಯುದ್ಧಾನಂತರ ಉದ್ಯಮವನ್ನು ಮತ್ತೆ ಕಟ್ಟಲಾಯಿತು. ಐಚಿ ಪ್ರಾಂತದ ಟೊಯೊಹಾಶಿ ನಗರದ ಸುತ್ತಲಿನ ಪ್ರದೇಶ ಇಂದು ಜಪಾನಿನ ಗೌಜಲ ಮೊಟ್ಟೆ ಉತ್ಪಾದನೆಯ ಪ್ರಮುಖ ಕೇಂದ್ರವಾಗಿದೆ.

ಭಾರತಕ್ಕೆ ಈ ಹಕ್ಕಿ 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಬಂದಿತು. ಉತ್ತರ ಪ್ರದೇಶದ ಬರೇಲಿ ಸಮೀಪದ ಇಜ್ಜತ್‌ನಗರದಲ್ಲಿ ಇದರ ಅಧ್ಯಯನ ಹಾಗೂ ತಳಿ ಅಭಿವೃದ್ಧಿ ನಡೆಯಿತು. ಅಲ್ಲಿನ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯು ಮಾಂಸಕ್ಕೆ ಮತ್ತು ಮೊಟ್ಟೆಗೆ ಪ್ರತ್ಯೇಕ ತಳಿಗಳನ್ನು ರೂಪಿಸಿದೆ. ಕಡಿಮೆ ಸ್ಥಳ, ಕಡಿಮೆ ಬಂಡವಾಳ ಮತ್ತು ಬೇಗ ಕೈಸೇರುವ ಉತ್ಪನ್ನದ ಕಾರಣದಿಂದ ಇದು ದಕ್ಷಿಣ ಭಾರತದ ರಾಜ್ಯಗಳಲ್ಲಿಯೂ ಹರಡಿದೆ. ಈಗಾಗಲೇ ನಾಟಿ ಕೋಳಿ ಸಾಕುತ್ತಿರುವವರು ಉಪಕಸುಬಾಗಿ ಗೌಜಲ ಹಕ್ಕಿಗಳನ್ನು ತರುವುದರಿಂದ, ಎರಡನ್ನೂ ಒಟ್ಟಿಗೆ ಇಡಬಹುದೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಎದುರಾಗುತ್ತದೆ.

## ಸಾಮಾಜಿಕ ವರ್ತನೆ

ಗೌಜಲ ಹಕ್ಕಿ ನೆಲದ ಮೇಲೆ ಬದುಕುವ ಹಕ್ಕಿ. ಇದು ಕೋಳಿಯಂತೆ ಕೊಂಬೆ ಅಥವಾ ಗಳುವಿನ ಮೇಲೆ ಕುಳಿತು ಮಲಗುವುದಿಲ್ಲ. ಬೆದರಿದಾಗ ಓಡಿ ಅಡಗುತ್ತದೆ. ಅಡಗಲು ಎಡೆಯಿಲ್ಲದಿದ್ದರೆ ನೇರವಾಗಿ ಮೇಲಕ್ಕೆ ಚಿಮ್ಮುತ್ತದೆ. ಹೀಗೆ ಚಿಮ್ಮಿದಾಗ ಗಟ್ಟಿಯಾದ ಮಾಡಿಗೆ ತಲೆ ಬಡಿದು ಗಾಯವಾಗುತ್ತದೆ. ಆದ್ದರಿಂದ ಪಂಜರದ ಎತ್ತರವನ್ನು ಸುಮಾರು 25–30 ಸೆಂ.ಮೀ.ಗೆ ಮಿತಿಗೊಳಿಸುತ್ತಾರೆ, ಇಲ್ಲವೇ ಆಳೆತ್ತರದ ಗೂಡು ಕಟ್ಟಿ ಮೇಲೆ ಮೆತ್ತನೆಯ ಬಲೆ ಬಿಗಿಯುತ್ತಾರೆ.

ಸುಮಾರು 3 ವಾರಗಳ ವಯಸ್ಸಿನಲ್ಲಿ ಎದೆಯ ಗರಿಗಳ ಬಣ್ಣದಿಂದ ಲಿಂಗವನ್ನು ಗುರುತಿಸಬಹುದು. ಸಹಜ ಬಣ್ಣದ ತಳಿಗಳಲ್ಲಿ ಗಂಡಿನ ಎದೆ ಚುಕ್ಕೆಗಳಿಲ್ಲದ ಕೆಂಗಂದು ಬಣ್ಣದ್ದಾಗಿರುತ್ತದೆ. ಹೆಣ್ಣಿನ ಎದೆಯ ಮೇಲೆ ಕಪ್ಪು ಚುಕ್ಕೆಗಳಿರುತ್ತವೆ. ಬಿಳಿ ತಳಿಗಳಲ್ಲಿ ಈ ಗುರುತು ದೊರೆಯುವುದಿಲ್ಲ. ಪ್ರೌಢ ಗಂಡಿನ ಗುದದ್ವಾರದ ಮೇಲ್ಭಾಗದಲ್ಲಿರುವ ಗ್ರಂಥಿಯು ಉಬ್ಬಿಕೊಂಡು, ಒತ್ತಿದಾಗ ಬಿಳಿ ನೊರೆಯನ್ನು ಹೊರಬಿಡುತ್ತದೆ. ಇದು ಎಲ್ಲ ಬಣ್ಣದ ತಳಿಗಳಿಗೂ ಅನ್ವಯಿಸುವ ಗುರುತು.

ಹಕ್ಕಿಗಳು 6 ವಾರಗಳ ಸುಮಾರಿಗೆ ಪ್ರೌಢವಾಗುತ್ತವೆ. ಜಗಳಗಳು ಹೆಚ್ಚಾಗುವುದೂ ಆಗಲೇ. ಗಂಡುಗಳು ಎದುರಾಳಿಯ ನೆತ್ತಿಯ ಗರಿಗಳನ್ನು ಕಚ್ಚಿ ಹಿಡಿದು ಮೇಲೇರುತ್ತವೆ. ಈ ವರ್ತನೆ ಕೂಡುವಿಕೆಯಂತೆ ಕಂಡರೂ, ಗಂಡುಗಳ ನಡುವೆ ಅದು ಮೇಲುಗೈಯ ಸಂಕೇತವಾಗಿರುತ್ತದೆ. ಹೆಣ್ಣುಗಳೂ ಹೊಸ ಹಕ್ಕಿಗಳ ಮೇಲೆ ಎರಗುವುದುಂಟು. ಸೋತ ಹಕ್ಕಿಗೆ ಓಡಿಹೋಗಲು ಜಾಗವಿದ್ದರೆ ಜಗಳ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಇಕ್ಕಟ್ಟಾದ ಪಂಜರದಲ್ಲಿ ಅದು ಮೂಲೆ ಸೇರುತ್ತದೆ. ರಕ್ತ ಕಂಡೊಡನೆ ಉಳಿದ ಹಕ್ಕಿಗಳೂ ಅದೇ ಜಾಗವನ್ನು ಕುಕ್ಕತೊಡಗುತ್ತವೆ. ನೆತ್ತಿಯ ಚರ್ಮವೇ ಕಿತ್ತುಹೋಗುವುದು ಮತ್ತು ಕಣ್ಣಿಗೆ ಪೆಟ್ಟಾಗುವುದು ಇದರ ಸಾಮಾನ್ಯ ಪರಿಣಾಮಗಳು.

ಗಂಡುಗಳ ಆಕ್ರಮಣಶೀಲತೆ ವೃಷಣಗಳ ಹಾರ್ಮೋನನ್ನು, ಆ ಹಾರ್ಮೋನು ದಿನದ ಬೆಳಕಿನ ಅವಧಿಯನ್ನು ಅವಲಂಬಿಸಿವೆ. ಮೊಟ್ಟೆ ಉತ್ಪಾದನೆಗಾಗಿ ದಿನಕ್ಕೆ 14–16 ಗಂಟೆ ಬೆಳಕು ನೀಡಿದಾಗ ಗಂಡುಗಳ ಕೆಚ್ಚೂ ಹೆಚ್ಚುತ್ತದೆ. ಬೆಳಕನ್ನು 8 ಗಂಟೆಗಳಿಗೆ ಇಳಿಸಿದರೆ ಕೆಲವು ವಾರಗಳಲ್ಲಿ ವೃಷಣಗಳು ಕುಗ್ಗಿ ಜಗಳ ಕಡಿಮೆಯಾಗುತ್ತದೆ. ಆದರೆ ಹೆಣ್ಣುಗಳ ಮೊಟ್ಟೆಯೂ ನಿಲ್ಲುತ್ತದೆ.

ಗುಂಪಿನ ಕಡೆಗಿನ ಸೆಳೆತ ಭಾಗಶಃ ವಂಶಪಾರಂಪರ್ಯವಾದುದು. ಆಂಡ್ರ್ಯೂ ಮಿಲ್ಸ್ ಮತ್ತು ಜಾನ್-ಮಿಶೆಲ್ ಫೋರ್ ಎಂಬ ಸಂಶೋಧಕರು ಫ್ರಾನ್ಸಿನಲ್ಲಿ ಗೌಜಲ ಮರಿಗಳನ್ನು ಒಡನಾಡಿಗಳ ಬಳಿಗೆ ಮರಳುವ ತವಕದ ಆಧಾರದ ಮೇಲೆ ಆಯ್ಕೆ ಮಾಡಿ ಭಿನ್ನ ವರ್ತನೆಯ ತಳಿಗಳನ್ನು ಪಡೆದರು. ಈ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಒಂದೇ ಕ್ರಮವನ್ನು ಅನುಸರಿಸಿದರೂ ಎಲ್ಲ ಗುಂಪುಗಳು ಒಂದೇ ರೀತಿಯಲ್ಲಿ ಹೊಂದಿಕೊಳ್ಳದಿರಲು ಇಂತಹ ತಳಿ ವ್ಯತ್ಯಾಸವೂ ಒಂದು ಕಾರಣವಾಗಬಲ್ಲದು.

## ಬೇರೆ ಗುಂಪುಗಳನ್ನು ಒಂದುಗೂಡಿಸುವ ಕ್ರಮ

### ಪ್ರತ್ಯೇಕವಾಸ

ಹೊರಗಿನಿಂದ ತಂದ ಹಕ್ಕಿಗಳನ್ನು ಮೊದಲು ಬೇರೆ ಕಟ್ಟಡದಲ್ಲಿ 3ರಿಂದ 4 ವಾರ ಇರಿಸಲಾಗುತ್ತದೆ. ಅವುಗಳಿಗೆ ಬೇರೆ ನೀರಿನ ಪಾತ್ರೆ, ಬೇರೆ ಮೇವಿನ ತೊಟ್ಟಿ ಮತ್ತು ಬೇರೆ ಪಾದರಕ್ಷೆ ಇರಬೇಕು. ದಿನದ ಕೆಲಸದಲ್ಲಿ ಹಳೆಯ ಹಕ್ಕಿಗಳನ್ನು ಮೊದಲು, ಹೊಸ ಹಕ್ಕಿಗಳನ್ನು ಕೊನೆಗೆ ನೋಡಿಕೊಳ್ಳಬೇಕು. ಸೀನುವಿಕೆ, ಕಣ್ಣು ಅಥವಾ ಮುಖದ ಊತ, ನೀರಾದ ಹಿಕ್ಕೆ, ಗರಿ ಉಬ್ಬಿಸಿಕೊಂಡು ಕೂರುವುದು ಮುಂತಾದ ಲಕ್ಷಣಗಳು ಕಂಡರೆ ಸೇರಿಸುವ ಕಾರ್ಯವನ್ನು ಕೈಬಿಟ್ಟು ಪಶುವೈದ್ಯರನ್ನು ಸಂಪರ್ಕಿಸಬೇಕು. ಲಕ್ಷಣಗಳಿಲ್ಲದ ಮಾತ್ರಕ್ಕೆ ಹಕ್ಕಿ ಸಂಪೂರ್ಣ ನಿರೋಗಿ ಎಂದಲ್ಲ. ಕೆಲವು ರೋಗಗಳಿಂದ ಚೇತರಿಸಿಕೊಂಡ ಹಕ್ಕಿಗಳು ರೋಗಾಣುಗಳನ್ನು ಹೊತ್ತು ತಿರುಗುತ್ತವೆ.

### ಗಂಡುಗಳ ಸಂಖ್ಯೆ

ಎರಡೂ ಗುಂಪುಗಳಲ್ಲಿ ಗಂಡುಗಳಿದ್ದರೆ, ಸೇರಿಸುವ ಮೊದಲೇ ಹೆಚ್ಚುವರಿ ಗಂಡುಗಳನ್ನು ಬೇರ್ಪಡಿಸಬೇಕು. ಫಲವತ್ತಾದ ಮೊಟ್ಟೆಗಳಿಗಾಗಿ ಒಂದು ಗಂಡಿಗೆ 2–3 ಹೆಣ್ಣುಗಳ ಪ್ರಮಾಣ ರೂಢಿಯಲ್ಲಿದೆ. ಸಣ್ಣ ಗೂಡುಗಳಲ್ಲಿ ಒಂದೇ ಗಂಡನ್ನು 4–5 ಹೆಣ್ಣುಗಳೊಂದಿಗೆ ಇಟ್ಟರೆ ಹೆಣ್ಣುಗಳ ನೆತ್ತಿ ಮತ್ತು ಬೆನ್ನಿನ ಗರಿ ಉದುರುವುದು ಕಡಿಮೆಯಾಗುತ್ತದೆ. ತಿನ್ನುವ ಮೊಟ್ಟೆಗಾಗಿ ಮಾತ್ರ ಸಾಕುವುದಾದರೆ ಗಂಡುಗಳ ಅಗತ್ಯವೇ ಇಲ್ಲ.

### ಜಾಲರಿಯ ಹಂತ

ಪ್ರತ್ಯೇಕವಾಸ ಮುಗಿದ ಬಳಿಕ ಎರಡು ಗುಂಪುಗಳನ್ನು ನಡುವೆ ಸಣ್ಣ ಕಣ್ಣಿನ ತಂತಿಜಾಲರಿ ಹಾಕಿ ಅಕ್ಕಪಕ್ಕದಲ್ಲಿ ಇರಿಸಲಾಗುತ್ತದೆ. ಹಕ್ಕಿಗಳು ಪರಸ್ಪರ ನೋಡಲು, ಕೂಗು ಕೇಳಲು ಸಾಧ್ಯವಾಗಬೇಕು. ಆದರೆ ಕೊಕ್ಕು ತೂರುವಂತಿರಬಾರದು. ಮೇವು ಮತ್ತು ನೀರನ್ನು ಜಾಲರಿಯ ಎರಡೂ ಬದಿಗಳಲ್ಲಿ ಇಡುವುದರಿಂದ ಎರಡು ಗುಂಪುಗಳೂ ಒಂದರ ಬಳಿಯಲ್ಲೊಂದು ತಿನ್ನಲು ಕಲಿಯುತ್ತವೆ. ಒಂದರಿಂದ ಎರಡು ವಾರಗಳ ನಂತರ ಜಾಲರಿಯ ಬಳಿ ಎಗರುವುದು, ಕುಕ್ಕಲು ಯತ್ನಿಸುವುದು ನಿಂತಿದ್ದರೆ ಮುಂದಿನ ಹಂತಕ್ಕೆ ಹೋಗಬಹುದು.

### ಸೇರಿಸುವ ದಿನ

ಎರಡೂ ಗುಂಪುಗಳಿಗೆ ಹೊಸದಾದ ಗೂಡಿನಲ್ಲಿ ಸೇರಿಸುವುದು ಉತ್ತಮ. ಅದು ಸಾಧ್ಯವಾಗದಿದ್ದರೆ ಹಳೆಯ ಗೂಡನ್ನು ತೊಳೆದು, ಹಾಸನ್ನು ಬದಲಿಸಿ, ತೊಟ್ಟಿ ಮತ್ತು ಅಡಗುತಾಣಗಳ ಜಾಗವನ್ನು ಬದಲಾಯಿಸಲಾಗುತ್ತದೆ. ಹೀಗೆ ಮಾಡಿದಾಗ ಹಳೆಯ ಹಕ್ಕಿಗಳಿಗೆ ಜಾಗದ ಮೇಲಿನ ಒಡೆತನದ ಭಾವ ತಗ್ಗುತ್ತದೆ. ಪಾಲಿಸಬೇಕಾದ ಇತರ ಅಂಶಗಳು ಇವು:

* ಒಂಟಿ ಹಕ್ಕಿಯನ್ನು ದೊಡ್ಡ ಗುಂಪಿಗೆ ಬಿಡಬಾರದು. ಕನಿಷ್ಠ 2–3 ಹಕ್ಕಿಗಳನ್ನು ಒಟ್ಟಿಗೆ ಬಿಟ್ಟರೆ ದಾಳಿ ಒಂದರ ಮೇಲೆಯೇ ಕೇಂದ್ರೀಕೃತವಾಗುವುದಿಲ್ಲ.
* ಮೇವಿನ ತೊಟ್ಟಿ ಮತ್ತು ನೀರಿನ ಪಾತ್ರೆಗಳನ್ನು ಕನಿಷ್ಠ ಎರಡೆರಡು ಕಡೆ ಇಡಬೇಕು.
* ಹುಲ್ಲಿನ ಕಟ್ಟು, ಸೊಪ್ಪಿನ ಕೊಂಬೆ, ಎರಡೂ ಕಡೆ ತೆರೆದ ಪೆಟ್ಟಿಗೆ ಮುಂತಾದ ಅಡಗುತಾಣಗಳನ್ನು ಒದಗಿಸಬೇಕು. ಒಂದೇ ಬಾಗಿಲಿನ ಪೆಟ್ಟಿಗೆ ಸೋತ ಹಕ್ಕಿಗೆ ಬಲೆಯಾಗುತ್ತದೆ.
* ಸಂಜೆ ಬೆಳಕು ಮಂದವಾದ ಮೇಲೆ ಸೇರಿಸಿ, ಮರುದಿನ ನಸುಕಿನಿಂದಲೇ ನಿಗಾ ಇಡಬೇಕು. ಇಡೀ ದಿನ ಮನೆಯಲ್ಲಿ ಇರಲಾಗದ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕಬಾರದು.

ವಾಣಿಜ್ಯ ಪಂಜರಗಳಲ್ಲಿ ಒಂದು ಪ್ರೌಢ ಹಕ್ಕಿಗೆ ಸುಮಾರು 150–200 ಚದರ ಸೆಂ.ಮೀ. ಜಾಗ ನೀಡುವ ರೂಢಿಯಿದೆ. ಇದು ಚಿಕ್ಕಂದಿನಿಂದ ಒಟ್ಟಿಗೆ ಬೆಳೆದ ಹಕ್ಕಿಗಳಿಗೆ ಅನ್ವಯಿಸುವ ಅಳತೆ. ಅಪರಿಚಿತ ಹಕ್ಕಿಗಳನ್ನು ಸೇರಿಸುವಾಗ ಇದರ ಹಲವು ಪಟ್ಟು ಹೆಚ್ಚು ಜಾಗ ಅಗತ್ಯ.

### ನಂತರದ ನಿಗಾ

ಮೊದಲ ದಿನಗಳಲ್ಲಿ ಅಟ್ಟಿಸಿಕೊಂಡು ಹೋಗುವುದು, ಒಂದೆರಡು ಗರಿ ಕೀಳುವುದು ಸಹಜ. ಒಂದೇ ಹಕ್ಕಿಯನ್ನು ಬಿಡದೆ ಬೆನ್ನಟ್ಟುವುದು, ಆ ಹಕ್ಕಿ ಮೇವಿನ ಬಳಿಗೆ ಬಾರದಿರುವುದು ಅಥವಾ ರಕ್ತ ಕಾಣಿಸುವುದು ಅಪಾಯದ ಸೂಚನೆಗಳು. ರಕ್ತ ಕಂಡ ಹಕ್ಕಿಯನ್ನು ತಕ್ಷಣ ಹೊರತೆಗೆದು, ಗಾಯವನ್ನು ಶುಚಿಗೊಳಿಸಿ, ಸಂಪೂರ್ಣ ಮಾಯುವವರೆಗೆ ಬೇರೆ ಇಡಬೇಕು. ದಾಳಿ ಮಾಡುವ ಹಕ್ಕಿ ಒಂದೇ ಆಗಿದ್ದರೆ, ಗಾಯಗೊಂಡದ್ದರ ಬದಲು ಅದನ್ನೇ ಕೆಲವು ದಿನ ಬೇರ್ಪಡಿಸುವುದು ಹೆಚ್ಚು ಪರಿಣಾಮಕಾರಿ. ಮರಳಿ ಬಂದಾಗ ಅದು ಗುಂಪಿಗೆ ಹೊಸದಾಗಿರುತ್ತದೆ.

### ಮರಿಗಳನ್ನು ಸೇರಿಸುವುದು

ಮೊಟ್ಟೆಯಿಂದ ಹೊರಬಂದ ಗೌಜಲ ಮರಿ 6–8 ಗ್ರಾಂ ಮಾತ್ರ ತೂಗುತ್ತದೆ. ಮೊದಲ ವಾರ ಸುಮಾರು 35–37 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಮುಂದೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಲಾಗುತ್ತದೆ. ಮರಿಗಳು ನೀರಿನ ಪಾತ್ರೆಯಲ್ಲಿ ಮುಳುಗಿ ಸಾಯದಂತೆ ಅದರಲ್ಲಿ ಬೆಣಚುಕಲ್ಲು ಅಥವಾ ಗೋಲಿಗಳನ್ನು ಹಾಕುತ್ತಾರೆ. ಒಂದೆರಡು ದಿನಗಳ ಅಂತರದಲ್ಲಿ ಹೊರಬಂದ ಮರಿಗಳು ಸುಲಭವಾಗಿ ಬೆರೆಯುತ್ತವೆ. ವಾರಕ್ಕಿಂತ ಹೆಚ್ಚಿನ ಅಂತರವಿದ್ದರೆ ದೊಡ್ಡ ಮರಿಗಳು ಸಣ್ಣವನ್ನು ತುಳಿಯುತ್ತವೆ. ಇಂತಹ ತಂಡಗಳನ್ನು ಹಾಗೂ ಪ್ರೌಢ ಹಕ್ಕಿಗಳೊಂದಿಗೆ ಸೇರಿಸಬೇಕಾದ ಮರಿಗಳನ್ನು 5–6 ವಾರಗಳಲ್ಲಿ ಪೂರ್ಣ ಗಾತ್ರಕ್ಕೆ ಬೆಳೆದ ಮೇಲೆಯೇ ಸೇರಿಸುವುದು ಸುರಕ್ಷಿತ.

## ಕೋಳಿಗಳೊಂದಿಗೆ ಸಾಕಾಣಿಕೆ

ಎರಡೂ ಒಂದೇ ಕುಟುಂಬದ ಹಕ್ಕಿಗಳಾದರೂ ಅವುಗಳ ಗಾತ್ರ, ವಾಸದ ರೀತಿ ಮತ್ತು ಆಹಾರದ ಅಗತ್ಯಗಳು ಭಿನ್ನವಾಗಿವೆ.

| ಅಂಶ | ಜಪಾನಿ ಗೌಜಲ ಹಕ್ಕಿ | ಕೋಳಿ |
|---|---|---|
| ಕಾವಿನ ಅವಧಿ | 17–18 ದಿನ | 21 ದಿನ |
| ಮರಿಯ ತೂಕ | 6–8 ಗ್ರಾಂ | 35–40 ಗ್ರಾಂ |
| ಪ್ರೌಢ ಹೆಣ್ಣಿನ ತೂಕ (ಮೊಟ್ಟೆ ತಳಿ) | 120–160 ಗ್ರಾಂ | 1.5 ಕಿ.ಗ್ರಾಂ. ಅಥವಾ ಹೆಚ್ಚು |
| ಮೊಟ್ಟೆಯ ಆರಂಭ | 6–7 ವಾರ | 18–20 ವಾರ ಅಥವಾ ನಂತರ |
| ಮೊಟ್ಟೆಯ ತೂಕ | ಸುಮಾರು 10 ಗ್ರಾಂ | ಸುಮಾರು 50–60 ಗ್ರಾಂ |
| ರಾತ್ರಿಯ ವಾಸ | ನೆಲ | ಗಳು, ಕೊಂಬೆ |

ಹತ್ತು ಪಟ್ಟಿಗೂ ಮಿಕ್ಕಿ ತೂಗುವ ಕೋಳಿಯ ಒಂದು ಕುಕ್ಕು ಗೌಜಲ ಹಕ್ಕಿಗೆ ಮಾರಕವಾಗಬಹುದು. ಜಗಳವಿಲ್ಲದಿದ್ದರೂ ಕೋಳಿಗಳು ಮೇವಿನ ತೊಟ್ಟಿಯನ್ನು ಆವರಿಸಿಕೊಳ್ಳುವುದರಿಂದ ಗೌಜಲ ಹಕ್ಕಿಗಳು ಅರೆಹೊಟ್ಟೆಯಲ್ಲಿ ಉಳಿಯುತ್ತವೆ. ರಾತ್ರಿ ಗಳುವಿನ ಮೇಲೆ ಕುಳಿತ ಕೋಳಿಗಳ ಹಿಕ್ಕೆ ಕೆಳಗೆ ಮಲಗಿದ ಗೌಜಲ ಹಕ್ಕಿಗಳ ಮೇಲೂ ಅವುಗಳ ಮೇವು, ನೀರುಗಳ ಮೇಲೂ ಬೀಳುತ್ತದೆ.

ಆಹಾರದಲ್ಲಿಯೂ ಹೊಂದಾಣಿಕೆಯಿಲ್ಲ. ಗೌಜಲ ಮರಿಗಳಿಗೆ ಸುಮಾರು 24–27 ಶೇಕಡ, ಮೊಟ್ಟೆಯಿಡುವ ಹಕ್ಕಿಗಳಿಗೆ ಸುಮಾರು 20 ಶೇಕಡ ಪ್ರೋಟೀನ್ ಇರುವ ಆಹಾರ ಬೇಕು. ಮೊಟ್ಟೆ ಕೋಳಿಗಳ ಆಹಾರದಲ್ಲಿ ಸಾಮಾನ್ಯವಾಗಿ 16–18 ಶೇಕಡ ಪ್ರೋಟೀನ್ ಮಾತ್ರ ಇರುತ್ತದೆ. ಅದರಲ್ಲಿರುವ ಅಧಿಕ ಸುಣ್ಣದಂಶ ಮರಿಗಳ ಮೂತ್ರಪಿಂಡಗಳಿಗೆ ಹಾನಿಕರ.

ಸಾಕು ಗೌಜಲ ಹಕ್ಕಿ ಕಾವು ಕೂರುವ ಗುಣವನ್ನು ಬಹುಮಟ್ಟಿಗೆ ಕಳೆದುಕೊಂಡಿರುವುದರಿಂದ, ಅದರ ಮೊಟ್ಟೆಗಳನ್ನು ಕಾವಿಗೆ ಕುಳಿತ ಸಣ್ಣ ಜಾತಿಯ ಹೇಂಟೆಯ ಕೆಳಗೆ ಇಡುವ ಪದ್ಧತಿಯೂ ಇದೆ. ತೆಳುವಾದ ಚಿಪ್ಪು ಒಡೆಯುವ ಮತ್ತು ಮರಿಗಳು ತುಳಿತಕ್ಕೊಳಗಾಗುವ ಸಂಭವ ಇದರಲ್ಲಿ ಹೆಚ್ಚು. ತಾಯಿಕೋಳಿಯಿಂದ ಮರಿಗಳಿಗೆ ರೋಗ ದಾಟುವ ದಾರಿಯೂ ತೆರೆಯುತ್ತದೆ.

## ರೋಗಗಳು

ಕೋಳಿ ಮತ್ತು ಗೌಜಲ ಹಕ್ಕಿಗಳ ನಡುವೆ ಎಲ್ಲ ರೋಗಗಳೂ ದಾಟುವುದಿಲ್ಲ. ರಕ್ತಭೇದಿಗೆ ಕಾರಣವಾಗುವ ಐಮೀರಿಯಾ ಪರೋಪಜೀವಿಗಳು ಬಹುಮಟ್ಟಿಗೆ ಆಯಾ ಹಕ್ಕಿಯ ಜಾತಿಗೆ ಸೀಮಿತವಾಗಿವೆ. ಗೌಜಲ ಹಕ್ಕಿಗೆ ತನ್ನದೇ ಆದ ಐಮೀರಿಯಾ ಪ್ರಭೇದಗಳಿವೆ. ಆದರೆ ಕೆಳಗಿನ ರೋಗಗಳು ಎರಡಕ್ಕೂ ತಗಲುತ್ತವೆ.

* ಕರುಳು ಹುಣ್ಣಿನ ರೋಗ: ಕ್ಲಾಸ್ಟ್ರಿಡಿಯಂ ಕೊಲಿನಮ್ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. ಮೊದಲು ಗೌಜಲ ಜಾತಿಯ ಹಕ್ಕಿಗಳಲ್ಲಿ ಗುರುತಿಸಲಾದ್ದರಿಂದ ಇದಕ್ಕೆ ಅವುಗಳ ಹೆಸರೇ ಅಂಟಿಕೊಂಡಿತ್ತು. ಹಿಕ್ಕೆಯ ಮೂಲಕ ಹರಡುತ್ತದೆ. ಚೇತರಿಸಿಕೊಂಡ ಹಕ್ಕಿಗಳು ವಾಹಕಗಳಾಗಿ ಉಳಿಯುತ್ತವೆ. ಬ್ಯಾಕ್ಟೀರಿಯಾದ ಬೀಜಕಣಗಳು ಹಾಸಿನಲ್ಲಿ ದೀರ್ಘಕಾಲ ಬದುಕುತ್ತವೆ.
* ಮೈಕೋಪ್ಲಾಸ್ಮಾ ಸೋಂಕು: ಉಸಿರಾಟದ ತೊಂದರೆ ಮತ್ತು ಮುಖದ ಊತ ಇದರ ಲಕ್ಷಣಗಳು. ಮೊಟ್ಟೆಯ ಮೂಲಕ ಮರಿಗೂ ದಾಟಬಲ್ಲದು.
* ಸಾಂಕ್ರಾಮಿಕ ನೆಗಡಿ: ಮುಖ್ಯವಾಗಿ ಕೋಳಿಗಳ ರೋಗ; ಗೌಜಲ ಹಕ್ಕಿಗಳಲ್ಲಿಯೂ ವರದಿಯಾಗಿದೆ.
* ಕೊಕ್ಕರೆ ರೋಗ: ಗೌಜಲ ಹಕ್ಕಿಗಳು ಕೋಳಿಗಳಿಗಿಂತ ಹೆಚ್ಚು ತಾಳಿಕೊಳ್ಳುತ್ತವೆ. ಆದ್ದರಿಂದ ಲಕ್ಷಣ ತೋರದೆ ವೈರಸ್ಸನ್ನು ಹೊರಸೂಸಬಲ್ಲವು.
* ಮಾರೆಕ್ಸ್ ರೋಗ: ಲಸಿಕೆ ಕೋಳಿಯನ್ನು ಗೆಡ್ಡೆ ಮತ್ತು ಲಕ್ವದಿಂದ ಕಾಪಾಡಿದರೂ ವೈರಸ್ ಹೊರಬೀಳುವುದನ್ನು ಸಂಪೂರ್ಣ ತಡೆಯುವುದಿಲ್ಲ.
* ಹಕ್ಕಿಜ್ವರ: ಎರಡೂ ಜಾತಿಗಳಿಗೆ ಹಾಗೂ ಮನುಷ್ಯರಿಗೆ ಅಪಾಯಕಾರಿ.

ಆರೋಗ್ಯವಾಗಿ ಕಾಣುವ ಒಂದು ಜಾತಿ ಮತ್ತೊಂದಕ್ಕೆ ರೋಗದ ಮೂಲವಾಗಬಲ್ಲದು ಎಂಬುದು ಈ ಪಟ್ಟಿಯ ಮುಖ್ಯ ಅಂಶ. ಹಲವು ತಿಂಗಳು ಒಟ್ಟಿಗೆ ಇದ್ದೂ ಏನೂ ಆಗಲಿಲ್ಲ ಎಂಬ ಅನುಭವ ಆ ಎರಡು ಗುಂಪುಗಳಲ್ಲಿ ಆಗ ರೋಗಾಣು ಇರಲಿಲ್ಲ ಎಂಬುದನ್ನು ಮಾತ್ರ ತೋರಿಸಬಹುದು. ಆ ಪದ್ಧತಿ ಸುರಕ್ಷಿತ ಎಂಬುದನ್ನಲ್ಲ.

## ಹಾಂಕಾಂಗ್ ಪ್ರಕರಣ

ಮಿಶ್ರ ಸಾಕಾಣಿಕೆ ಮತ್ತು ಮಿಶ್ರ ಮಾರಾಟದ ಅಪಾಯವನ್ನು ಸ್ಪಷ್ಟಪಡಿಸಿದ ಪ್ರಮುಖ ಪ್ರಕರಣ ಹಾಂಕಾಂಗ್‌ನದು. 1997ರಲ್ಲಿ ಅಲ್ಲಿ ಎಚ್5ಎನ್1 ಹಕ್ಕಿಜ್ವರ 18 ಜನರಿಗೆ ತಗಲಿ, 6 ಮಂದಿ ಮೃತಪಟ್ಟರು. ವರ್ಷದ ಕೊನೆಯಲ್ಲಿ ನಗರದ ಎಲ್ಲ ಕೋಳಿಗಳನ್ನು ಕೊಲ್ಲಲಾಯಿತು. ಆಗ ಜೀವಂತ ಹಕ್ಕಿಗಳ ಮಾರುಕಟ್ಟೆಗಳಲ್ಲಿ ಕೋಳಿ, ಬಾತು, ಗೌಜಲ ಮುಂತಾದ ಹಕ್ಕಿಗಳ ಪಂಜರಗಳನ್ನು ಒಂದರ ಪಕ್ಕ ಒಂದು ಇಡಲಾಗುತ್ತಿತ್ತು. ನಂತರದ ಅಧ್ಯಯನಗಳಲ್ಲಿ, ಗೌಜಲ ಹಕ್ಕಿಗಳಿಂದ ದೊರೆತ ಎಚ್9ಎನ್2 ವೈರಸ್‌ನ ಒಳಗಿನ ಜೀನ್‌ಗಳು ಮನುಷ್ಯರಿಗೆ ತಗಲಿದ ಎಚ್5ಎನ್1 ವೈರಸ್‌ನ ಜೀನ್‌ಗಳನ್ನು ನಿಕಟವಾಗಿ ಹೋಲುತ್ತಿದ್ದುದು ಕಂಡುಬಂದಿತು.

ಗೌಜಲ ಹಕ್ಕಿಯ ಉಸಿರಾಟದ ನಾಳದಲ್ಲಿ ಹಕ್ಕಿಗಳ ಫ್ಲೂ ವೈರಸ್‌ಗಳು ಅಂಟಿಕೊಳ್ಳುವ ಗ್ರಾಹಿಗಳೂ, ಮನುಷ್ಯರ ಫ್ಲೂ ವೈರಸ್‌ಗಳು ಅಂಟಿಕೊಳ್ಳುವ ಗ್ರಾಹಿಗಳೂ ಇವೆ. ಈ ಕಾರಣದಿಂದ ಅದನ್ನು ವೈರಸ್‌ಗಳು ಬೆರೆತು ಹೊಸ ರೂಪ ತಳೆಯಬಲ್ಲ ಮಧ್ಯಂತರ ಆತಿಥೇಯ ಎಂದು ಪರಿಗಣಿಸಲಾಗಿದೆ. 2002ರಲ್ಲಿ ಹಾಂಕಾಂಗ್ ತನ್ನ ಜೀವಂತ ಕೋಳಿ ಮಾರುಕಟ್ಟೆಗಳಿಂದ ಗೌಜಲ ಹಕ್ಕಿಗಳನ್ನು ಹೊರಗಿಟ್ಟಿತು. ಮಾರುಕಟ್ಟೆಗಳಿಗೆ ಶುಚಿಗೊಳಿಸುವ ಬಿಡುವಿನ ದಿನ ಮತ್ತು ಗೌಜಲ ಹಕ್ಕಿಗಳ ನಿಷೇಧ, ಈ ಎರಡು ಕ್ರಮಗಳ ನಂತರ ಅಲ್ಲಿ ಎಚ್9ಎನ್2 ವೈರಸ್ ಪತ್ತೆಯಾಗುವ ಪ್ರಮಾಣ ಇಳಿಯಿತು.

ಗೌಜಲ ಹಕ್ಕಿಗಳನ್ನು ಮಾತ್ರ ಸಾಕುವ ಕ್ಷೇತ್ರಗಳೂ ಈ ಸೋಂಕಿನಿಂದ ಹೊರತಲ್ಲ. ಜಪಾನಿನ ಐಚಿ ಪ್ರಾಂತದಲ್ಲಿ 2009ರಲ್ಲಿ ಗೌಜಲ ಸಾಕಾಣಿಕಾ ಕೇಂದ್ರಗಳಲ್ಲಿ ಎಚ್7ಎನ್6 ಸೋಂಕು ಪತ್ತೆಯಾಗಿತ್ತು.

## ಒಂದೇ ಜಮೀನಿನಲ್ಲಿ ಎರಡನ್ನೂ ಸಾಕುವಾಗ

ಸಣ್ಣ ಹಿಡುವಳಿಗಳಲ್ಲಿ ಒಂದೇ ಜಾತಿಯನ್ನು ಸಾಕುವುದು ಯಾವಾಗಲೂ ಸಾಧ್ಯವಾಗುವುದಿಲ್ಲ. ಅಂತಹ ಕಡೆ ಅಪಾಯವನ್ನು ತಗ್ಗಿಸುವ ಕ್ರಮಗಳು ಹೀಗಿವೆ:

* ಎರಡಕ್ಕೂ ಬೇರೆ ಬೇರೆ ಕೊಟ್ಟಿಗೆ ಇರಬೇಕು. ನಡುವಿನ ಅಂತರ ಹೆಚ್ಚಿದಷ್ಟೂ ಒಳ್ಳೆಯದು. ಒಂದರ ಗೋಡೆ ಮತ್ತೊಂದಕ್ಕೆ ಜಾಲರಿಯಾಗಿರಬಾರದು.
* ಕೋಳಿ ಪಂಜರದ ಕೆಳಗೆ ಗೌಜಲ ಪಂಜರವನ್ನು ಜೋಡಿಸಬಾರದು.
* ಕೋಳಿಗಳು ಕೆದಕಿದ ಅಂಗಳದಲ್ಲಿ ಗೌಜಲ ಹಕ್ಕಿಗಳನ್ನು ಬಿಡಬಾರದು. ಕೋಳಿಗಳ ಹಾಸನ್ನು ಅವುಗಳಿಗೆ ಮರುಬಳಕೆ ಮಾಡಬಾರದು.
* ಪಾದರಕ್ಷೆ, ಗುದ್ದಲಿ, ತೊಟ್ಟಿ, ಮೊಟ್ಟೆಯ ತಟ್ಟೆಗಳನ್ನು ಬೇರೆ ಬೇರೆಯಾಗಿ ಇಡಬೇಕು. ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕೈ ತೊಳೆಯಬೇಕು.
* ಗುಬ್ಬಿ, ಕಾಗೆ, ಇಲಿಗಳು ಒಳಬಾರದಂತೆ ಸಣ್ಣ ಕಣ್ಣಿನ ಜಾಲರಿ ಹಾಕಬೇಕು.
* ಸಂತೆಯಿಂದ ಮಾರಾಟವಾಗದೆ ಮರಳಿದ ಹಕ್ಕಿಯನ್ನು ಹೊಸ ಹಕ್ಕಿಯೆಂದೇ ಪರಿಗಣಿಸಿ ಪ್ರತ್ಯೇಕವಾಸದಲ್ಲಿ ಇಡಬೇಕು.

## ಕಾನೂನು

ಭಾರತದಲ್ಲಿ ಕಾಡಿನ ಲಾವುಗೆ ಹಾಗೂ ಗೌಜಲ ಹಕ್ಕಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆಯಿದೆ. ಹೊಲ, ಕುರುಚಲು ಕಾಡುಗಳಿಂದ ಅವುಗಳನ್ನು ಹಿಡಿದು ಸಾಕು ಗುಂಪಿಗೆ ಸೇರಿಸುವುದು ಅಪರಾಧ. ಸಾಕಾಣಿಕೆಗೆ ಹಕ್ಕಿಗಳನ್ನು ಮಾನ್ಯತೆ ಪಡೆದ ಮರಿ ಉತ್ಪಾದನಾ ಕೇಂದ್ರಗಳಿಂದಲೇ ಪಡೆಯಬೇಕು.

ಹಕ್ಕಿಜ್ವರವು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯ್ದೆಯಡಿ ವರದಿ ಮಾಡಲೇಬೇಕಾದ ರೋಗವಾಗಿದೆ. ಹಕ್ಕಿಗಳು ಹಠಾತ್ತನೆ ಗುಂಪಾಗಿ ಸತ್ತರೆ ಸಮೀಪದ ಪಶುವೈದ್ಯಕೀಯ ಸಂಸ್ಥೆಗೆ ತಿಳಿಸಬೇಕು. ಸತ್ತ ಹಕ್ಕಿಗಳನ್ನು ಬರಿಗೈಯಲ್ಲಿ ಮುಟ್ಟಬಾರದು, ಮಾರಬಾರದು. ರೋಗ ದೃಢಪಟ್ಟಾಗ ಸೋಂಕಿತ ವಲಯದ ಕೋಳಿ, ಗೌಜಲ ಎಂಬ ಭೇದವಿಲ್ಲದೆ ಎಲ್ಲ ಸಾಕುಹಕ್ಕಿಗಳನ್ನೂ ಕೊಲ್ಲಲಾಗುತ್ತದೆ. ಹೀಗಾಗಿ ಒಂದು ಗೂಡಿನಲ್ಲಿನ ಅಜಾಗರೂಕತೆಯ ನಷ್ಟ ಆ ಗೂಡಿನ ಒಡೆಯನಿಗಷ್ಟೇ ಸೀಮಿತವಾಗದೆ ನೆರೆಹೊರೆಯ ಸಾಕಾಣಿಕೆದಾರರಿಗೂ ತಟ್ಟುತ್ತದೆ.